ಅವ್ವ ಅಂಗಳದಲ್ಲಿ ಬರೆದ ದೋಣಿ

ಬಾಗಲಕೋಟೆಯ ನವನಗರದ ಮನೆ. ಪಡಸಾಲೆಯಲ್ಲಿ ಅವ್ವ ಜೋಳ ಹಸನು ಮಾಡುತ್ತಿದ್ದಳು. ಜುಲೈ ಕೊನೆಗೆ ಮಕ್ಕಳನ್ನು ಕರೆದುಕೊಂಡು ಕಾಡಿನೊಳಗಿನ ಕೆರೆಗಳಿಗೆ ಹೋಗಬೇಕು ಅಂತ ಮಾಡಿದ್ದೇವೆ, ಮೂರು ರಾತ್ರಿ ಅಲ್ಲೇ ಡೇರೆ ಹಾಕಿ ಮಲಗುತ್ತೇವೆ, ಅಲ್ಲಿಗೆ ರಸ್ತೆ ಇಲ್ಲ, ದೋಣಿಯಲ್ಲೇ ಹೋಗಬೇಕು ಅಂದೆ. ಅವ್ವ ಮೊರ ಕೆಳಗಿಟ್ಟಳು.

"ಅಂಬಿಗ ಯಾರು?"

ಅಂಬಿಗ ಯಾರೂ ಇಲ್ಲ, ನಾವೇ ಹುಟ್ಟು ಹಾಕುತ್ತೇವೆ ಅಂದೆ. ಅವ್ವ ಮಾತಾಡಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಕ್ಕಳನ್ನು ನೋಡಿದಳು. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು.

ನಾವು ಕೆನಡಾದ ಮಿಸಿಸಾಗಾಗೆ ಹೋಗಿ ಒಂಬತ್ತು ವರ್ಷವಾಯಿತು. ಈ ಫೆಬ್ರುವರಿಯಲ್ಲಿ ತಮ್ಮನ ಮದುವೆಗೆ ಊರಿಗೆ ಬಂದಿದ್ದೆವು. ಜುಲೈ ಪ್ರವಾಸದ ಮಾತು ಫೆಬ್ರುವರಿಯಲ್ಲೇ ಏಕೆ ಅಂದರೆ, ಅಲ್ಲಿ ಕಾಡಿನೊಳಗೆ ಉಳಿಯುವ ಜಾಗವನ್ನು ಐದು ತಿಂಗಳು ಮೊದಲೇ ಕಾಯ್ದಿರಿಸಲು ಬಿಡುತ್ತಾರೆ. ಒಳ್ಳೆಯ ವಾರಗಳು ಆಗಲೇ ತುಂಬಿಬಿಡುತ್ತವೆ. ಹಾಗಾಗಿ ಮದುವೆ ಮನೆಯ ಗದ್ದಲದ ನಡುವೆಯೇ ಈ ಲೆಕ್ಕಾಚಾರವೂ ನಡೆಯಿತು. ಈಗ ನೋಡಿದರೆ ಅದೇ ಒಳ್ಳೆಯದಾಯಿತು. ಅವ್ವ ಕೇಳಿದ ಪ್ರಶ್ನೆಗಳನ್ನು ಮಿಸಿಸಾಗಾದಲ್ಲಿ ನಮ್ಮನ್ನು ಯಾರೂ ಕೇಳಿರಲಿಲ್ಲ.

ನಾವು ಹೋಗುವುದು ಅಲ್ಗಾಂಕ್ವಿನ್ ಪ್ರಾಂತೀಯ ಉದ್ಯಾನಕ್ಕೆ. 1893ರಲ್ಲಿ ಆದದ್ದು. ಸುಮಾರು 7,600 ಚದರ ಕಿಲೋಮೀಟರ್ ಕಾಡು. ನಮ್ಮ ಇಡೀ ಬಾಗಲಕೋಟೆ ಜಿಲ್ಲೆಗಿಂತ ದೊಡ್ಡದು. ಅದರೊಳಗೆ ಎರಡು ಸಾವಿರಕ್ಕಿಂತ ಜಾಸ್ತಿ ಕೆರೆಗಳಿವೆ. ದಕ್ಷಿಣ ಭಾಗದಲ್ಲಿ ಹೆದ್ದಾರಿ 60 ಹಾದುಹೋಗುತ್ತದೆ. ಅದನ್ನು ಬಿಟ್ಟು ಒಳಗೆ ಹೋಗುವವರು ಹೆಚ್ಚಾಗಿ ಕೆನೂದಲ್ಲೇ ಹೋಗುತ್ತಾರೆ. ಕೆನೂ ನಮ್ಮ ಹರಿಗೋಲಿನ ಹಾಗೆ ದುಂಡಗಿಲ್ಲ. ಉದ್ದಕ್ಕಿರುತ್ತದೆ, ಎರಡೂ ತುದಿ ಚೂಪು. ಒಂದು ಕೆರೆ ಮುಗಿದ ಮೇಲೆ ಅದನ್ನು ಬೋರಲು ಮಾಡಿ ಹೆಗಲ ಮೇಲೆ ಹೊತ್ತು ಕಾಡಿನ ದಾರಿಯಲ್ಲಿ ನಡೆದು ಮುಂದಿನ ಕೆರೆಗೆ ಇಳಿಸುತ್ತಾರೆ. ಆ ಹೊತ್ತು ನಡೆಯುವುದಕ್ಕೆ ಪೋರ್ಟೇಜ್ ಅನ್ನುತ್ತಾರೆ.

ನಮ್ಮನೆಯವರು ಮೊದಲು ಮಾಡಿದ್ದ ಯೋಜನೆಯಲ್ಲಿ ಮೂರು ಕೆರೆ, ಎರಡು ಪೋರ್ಟೇಜ್, ನಾಲ್ಕು ದಿನ. ನಕ್ಷೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಆದರೆ ಹೊರುವಾಗ ಒಬ್ಬರ ಹೆಗಲ ಮೇಲೆ ದೋಣಿ, ಇನ್ನೊಬ್ಬರ ಬೆನ್ನಿಗೆ ಚೀಲ. ನಾಲ್ಕು ವರ್ಷದವನ ಕೈ ಯಾರು ಹಿಡಿಯಬೇಕು? ಹಗುರವಾದ ಕೆವ್ಲಾರ್ ಕೆನೂ ಕೂಡ 18-20 ಕಿಲೋ ತೂಗುತ್ತದೆ. ಸಾಮಾನು ಒಂದೇ ಸಲಕ್ಕೆ ಸಾಗುವುದಿಲ್ಲ, ಮತ್ತೆ ಬಂದು ಒಯ್ಯಬೇಕು. ಅಲ್ಲಿಯತನಕ ಮಕ್ಕಳು ನೀರಿನ ಅಂಚಿನಲ್ಲಿ ನಿಂತಿರಬೇಕಾ? ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. ಅವ್ವ "ಅಂಬಿಗ ಯಾರು" ಅಂದಾಗ ಹೊಳೆಯಿತು.

ಅವ್ವನಿಗೆ ನೀರೆಂದರೆ ಭಯ ಇರುವುದಕ್ಕೆ ಕಾರಣ ಇದೆ. ಅವಳು ಸೊಸೆಯಾಗಿ ಬಂದ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು, ಮನೆ ಮುಳುಗಡೆಯಾಯಿತು, ಪರಿಹಾರ ತೆಗೆದುಕೊಂಡು ನವನಗರಕ್ಕೆ ಬಂದೆವು. ಬಾಗಲಕೋಟೆಯಲ್ಲಿ ಎಷ್ಟೋ ಮನೆಗಳ ಕತೆ ಇದೇ. ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಬಂಡಿಯಲ್ಲಿ ಹೇರಿದ್ದನ್ನು ಅವ್ವ ಇವತ್ತಿಗೂ ಹೇಳುತ್ತಾಳೆ. "ನೀರ ಬರೂದು ಸಪ್ಪಳಾಗೂದಿಲ್ಲ ಯವ್ವಾ. ಮುಂಜಾನೆ ಕಲ್ಲ ಕಾಣತಿತ್ತು, ಸಂಜಿಕ ಕಾಣಲಿಲ್ಲ, ಅಷ್ಟ." ಅಂಥವಳ ಮುಂದೆ ನಾನು ಸುಮ್ನೆ "ಏನೂ ಆಗಲ್ಲ ಬಿಡು" ಅನ್ನಲಾರೆ. ಏನು ಮಾಡಿದರೆ ಏನೂ ಆಗುವುದಿಲ್ಲ ಅನ್ನುವುದನ್ನು ಒಂದೊಂದಾಗಿ ತೋರಿಸಬೇಕಿತ್ತು.

ಆ ರಾತ್ರಿ ಯೋಜನೆಯನ್ನು ಹೊಸದಾಗಿ ಮಾಡಿದೆವು. ಒಂದೇ ಕೆರೆ. ಪೋರ್ಟೇಜ್ ಬೇಡ. ಎರಡೇ ರಾತ್ರಿ. ರಾಕ್ ಲೇಕ್ ಅಂತ ಇದೆ, ಹೆದ್ದಾರಿ 60ರಿಂದ ಸ್ವಲ್ಪ ದೂರ ಒಳಗೆ. ಕಾರು ಅಲ್ಲಿಯತನಕ ಹೋಗುತ್ತದೆ. ಕಾರಿನಲ್ಲಿ ಬಂದು ಡೇರೆ ಹಾಕುವವರ ಬಯಲೂ ಅದೇ ಕೆರೆಯ ದಡದಲ್ಲಿದೆ. ಏನಾದರೂ ಹೆಚ್ಚುಕಡಿಮೆಯಾದರೆ ಜನ ಇದ್ದಾರೆ, ಕಾರು ಇದೆ. ನಮ್ಮ ಮಗ ಒಂದು ಕಡೆ ಗಟ್ಟಿಯಾಗಿ ಕೂರುವುದು ಹೆಚ್ಚೆಂದರೆ ನಲವತ್ತು ನಿಮಿಷ. ಹಾಗಾದರೆ ನಾವು ಇಳಿಯುವ ಜಾಗ ನಲವತ್ತು ನಿಮಿಷದೊಳಗೆ ಸಿಗಬೇಕು. ನಕ್ಷೆಯ ಮೇಲೆ ದೂರವನ್ನು ಇನ್ನು ಹಾಗೆಯೇ ಅಳೆಯುತ್ತೇವೆ.

ಅಲ್ಲಿ ಒಂದು ಪದ್ಧತಿ ಇದೆ. ಬುಕ್ ಮಾಡುವುದು ಕೆರೆಯನ್ನು ಮಾತ್ರ, ಜಾಗವನ್ನಲ್ಲ. ದಡದ ಮರಗಳ ಮೇಲೆ ಕಿತ್ತಳೆ ಬಣ್ಣದ ಫಲಕ ಇರುವ ಕಡೆಗಳಲ್ಲಿ ಯಾವುದು ಖಾಲಿ ಇದೆಯೋ ಅಲ್ಲಿ ಇಳಿಯಬೇಕು. ತಡವಾಗಿ ಹೋದರೆ ಹತ್ತಿರದವೆಲ್ಲ ತುಂಬಿರುತ್ತವೆ. ಸಣ್ಣ ಮಕ್ಕಳಿದ್ದವರು ಬೆಳಿಗ್ಗೆಯೇ ನೀರಿಗಿಳಿಯಬೇಕು ಅನ್ನುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಗಾಳಿ. ಹೋದ ಬೇಸಿಗೆಯಲ್ಲಿ ನಾವಿಬ್ಬರೇ ಒಂದು ದಿನ ಕೆನೂ ಕಲಿಯಲು ಹೋಗಿದ್ದೆವು. ಹೋಗುವಾಗ ಇಪ್ಪತ್ತು ನಿಮಿಷದ ದಾರಿ. ಮಧ್ಯಾಹ್ನ ಗಾಳಿ ಎದ್ದಿತು. ವಾಪಸ್ ಬರಲು ಒಂದು ತಾಸಿಗಿಂತ ಜಾಸ್ತಿ ಹಿಡಿಯಿತು. ದೋಣಿಯ ಮೂತಿ ನಾವು ಹೇಳಿದ ಕಡೆ ತಿರುಗಲೇ ಇಲ್ಲ. ತೋಳು ಸೋತು, ಇಬ್ಬರೂ ಬಾಯಿ ಮುಚ್ಚಿಕೊಂಡು ಹುಟ್ಟು ಹಾಕಿದ್ದು ನೆನಪಿದೆ. ಆ ದಿನ ಮಕ್ಕಳು ಜೊತೆಗಿರಲಿಲ್ಲ ಅನ್ನುವುದೇ ಸಮಾಧಾನ.

ಮದುವೆ ಮುಗಿದ ಮೇಲೆ ಕೂಡಲಸಂಗಮಕ್ಕೆ ಹೋದೆವು. ಕೃಷ್ಣೆಗೆ ಮಲಪ್ರಭೆ ಸೇರುವ ಜಾಗ. ಅಲ್ಲಿ ದೋಣಿಯವರೊಬ್ಬರ ಹತ್ತಿರ ಅವ್ವ ತಾನೇ ಹೋಗಿ ಕೇಳಿದಳು: "ಯಪ್ಪಾ, ಸಣ್ಣ ಹುಡುಗೂರ್ನ ಕರಕೊಂಡು ನೀರಾಗ ಹೋಗವ್ರು ಏನ್ ನೋಡಬೇಕು?" ವಯಸ್ಸಾದವರು. ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಹೇಳಿದರು: "ಮುಂಜಾನೆ ನೀರ ಮಲಗಿರ್ತದ ತಂಗಿ, ಹೊತ್ತ ಏರಿದಂಗ ಏಳ್ತದ. ದಂಡಿ ಹಿಡದ ಹೋಗ್ರಿ. ನಡಬರಕ ಹೋಗಬ್ಯಾಡ್ರಿ." ನಾವು ದುಡ್ಡು ಕೊಟ್ಟು ಒಂದು ದಿನ ಕಲಿತಿದ್ದರ ಸಾರವೂ ಅದೇ ಆಗಿತ್ತು. ಬೆಳಿಗ್ಗೆ ಹೋಗು, ದಡದ ಗುಂಟ ಹೋಗು, ಅಲೆ ಎದ್ದರೆ ಇಳಿದು ಕಾಯಿ. ಅವರಿಂದ ಕೇಳಿದ ಮೇಲೆ ಅವ್ವನ ಮುಖ ಸ್ವಲ್ಪ ಸಡಿಲವಾಯಿತು.

ಲೈಫ್ ಜಾಕೆಟ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕೆನಡಾದಲ್ಲಿ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅವರವರ ಅಳತೆಯ ಜಾಕೆಟ್ ಇರಲೇಬೇಕು ಅಂತ ಕಾನೂನಿದೆ. ಜೊತೆಗೆ ತೇಲುವ ಹಗ್ಗ 15 ಮೀಟರ್, ಸೀಟಿ, ನೀರು ಮೊಗೆದು ಹಾಕುವ ಡಬ್ಬಿ. ಮಕ್ಕಳ ಜಾಕೆಟ್ ವಯಸ್ಸಿನ ಮೇಲಲ್ಲ, ತೂಕದ ಮೇಲೆ ತೆಗೆದುಕೊಳ್ಳಬೇಕು. ನಮ್ಮ ಮಗ 15 ಕಿಲೋ. 14ರಿಂದ 27 ಕಿಲೋದವರೆಗಿನದು ಅವನ ಅಳತೆ. ಅಂಗಡಿಯಲ್ಲಿ ಹಾಕಿಸಿ, ಎಲ್ಲ ಪಟ್ಟಿ ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿದೆ. ಜಾಕೆಟ್ ಸರ್ರನೆ ಮೇಲೇರಿ ಕಿವಿ ಮುಚ್ಚಿತು. ಮೂಗು ಒಳಗೆ ಹೋಯಿತು. ನೀರಿನಲ್ಲೂ ಹಾಗೆಯೇ ಆಗುತ್ತದೆ, ಜಾಕೆಟ್ ತೇಲುತ್ತದೆ, ಮಗು ಒಳಗಿನಿಂದ ಜಾರುತ್ತದೆ. ಮೂರನೆಯದು ಸರಿಹೋಯಿತು. ಅದಕ್ಕೆ ತೊಡೆಗಳ ನಡುವೆ ಹಾದುಬರುವ ಪಟ್ಟಿ ಇದೆ, ಕತ್ತಿನ ಹಿಂದೆ ಹಿಡಿದೆತ್ತಲು ಒಂದು ಹಿಡಿಕೆ ಇದೆ. ನೀವು ಯಾವ ದೇಶದಲ್ಲೇ ಇರಿ, ಮಕ್ಕಳಿಗೆ ಜಾಕೆಟ್ ಕೊಳ್ಳುವಾಗ ಹೀಗೆ ಎತ್ತಿ ನೋಡಿ. ಕಾನೂನು ಏನೇ ಇರಲಿ, ನಮ್ಮ ಮನೆಯ ನಿಯಮ ಒಂದೇ: ನೀರಿನ ಮೇಲಿರುವಷ್ಟು ಹೊತ್ತೂ ಎಲ್ಲರ ಮೈಮೇಲೆ ಇರಬೇಕು. ಮಕ್ಕಳಿಗಾದರೆ ದಡದಲ್ಲಿ ಆಡುವಾಗಲೂ.

ಇದನ್ನೆಲ್ಲ ಹೇಳಿದೆ. ಅವ್ವ ಕೇಳಿದಳು: "ಆ ಡೋಣಿ ಎಷ್ಟ ದೊಡ್ಡದೈತಿ?"

ಹದಿನೇಳು ಅಡಿ ಉದ್ದ, ನಡುವೆ ಮೂರು ಅಡಿ ಅಗಲ ಅಂದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಅಂಗಳಕ್ಕೆ ನೀರು ಹಾಕಿ, ದಿನದ ರಂಗೋಲಿಯ ಪಕ್ಕದಲ್ಲೇ ಹಗ್ಗ ಹಿಡಿದು ಅಳೆದು, ರಂಗೋಲಿ ಪುಡಿಯಲ್ಲಿ ದೋಣಿ ಬರೆದಿದ್ದಳು. ಎರಡೂ ತುದಿ ಚೂಪು. ಅಳತೆ ತಪ್ಪಿರಲಿಲ್ಲ. ಅದನ್ನು ನೋಡಿದಾಗಲೇ ನನಗೂ ತಿಳಿದದ್ದು, ಮೂರು ಅಡಿ ಅಂದರೆ ಎಷ್ಟು ಕಡಿಮೆ ಅಂತ. ನಮ್ಮನೆಯವರು ಹಿಂದೆ ಕೂತರು, ನಾನು ಮುಂದೆ. ನಡುವೆ ಎರಡು ಚೀಲ, ಚೀಲಗಳ ನಡುವೆ ಮಕ್ಕಳು. ಮಗ ತಕ್ಷಣ ಎದ್ದು ಅಕ್ಕನ ಕಡೆ ದಾಟಿದ. ಅವ್ವ "ಮುಳುಗಿತು!" ಅಂದಳು. ಅವನಿಗೆ ಖುಷಿಯಾಯಿತು. ಮತ್ತೆ ಎದ್ದ, ಮತ್ತೆ ಅವ್ವ "ಮುಳುಗಿತು" ಅಂದಳು. ನಾಲ್ಕು ದಿನ ಈ ಆಟ ನಡೆಯಿತು. ಏಳದೆ ಕೂತು ಹಾಡು ಹೇಳಿದರೆ ಒಂದು ತುಂಡು ಅಮೀನಗಡದ ಕರದಂಟು. ಕೊನೆಯ ದಿನ ಇಪ್ಪತ್ತೈದು ನಿಮಿಷ ಕೂತ. ನಾನು ಗಡಿಯಾರ ನೋಡುತ್ತಿದ್ದೆ.

ಮಾಳಿಗೆಯ ಮೇಲೂ ಒಂದು ರಾತ್ರಿ ಮಲಗಿ ನೋಡಿದೆವು. ಸೊಳ್ಳೆ ಪರದೆಯೇ ಡೇರೆ. ಎರಡು ಗಂಟೆಗೆ ಮಗ ಎದ್ದು ಒಂದಕ್ಕೆ ಹೋಗಬೇಕು ಅಂದ, ಕತ್ತಲಿಗೆ ಹೆದರಿ ನನ್ನ ಸೀರೆ ಬಿಡಲಿಲ್ಲ. ಅಲ್ಲಿ ಶೌಚಕ್ಕೆ ಕಾಡಿನೊಳಗೆ ಒಂದು ಮರದ ಪೆಟ್ಟಿಗೆ ಇರುತ್ತದೆ, ಮೇಲೆ ಮುಚ್ಚಳ, ಸುತ್ತ ಗೋಡೆ ಇಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ತಲೆಗೆ ಕಟ್ಟುವ ಬ್ಯಾಟರಿ ಇಬ್ಬರಿಗೂ ಒಂದೊಂದು ಬೇಕು ಅಂತ ಆ ರಾತ್ರಿಯೇ ಪಟ್ಟಿಗೆ ಸೇರಿಸಿದೆ.

ಅವ್ವ ಒಂದು ಕೌದಿ ಕಟ್ಟಿಟ್ಟಿದ್ದಳು. ಅಲ್ಲಿ ಜುಲೈನಲ್ಲೂ ಕೆಲವು ರಾತ್ರಿ 10 ಡಿಗ್ರಿಯ ಹತ್ತಿರ ಇಳಿಯುತ್ತದೆ ಅಂತ ನಾನೇ ಹೇಳಿದ್ದೆ. ಬೇಡ ಅನ್ನುವುದು ಬಹಳ ಕಷ್ಟವಾಯಿತು. ಅರಿವೆ ಹತ್ತಿಯದು, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ಒದ್ದೆ ಹತ್ತಿ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆಯೇ ಬೇಕು. ಕೌದಿಯನ್ನು ಕಾರಿನಲ್ಲಿ ಇಡುತ್ತೇನೆ, ವಾಪಸ್ ಬಂದ ಕೂಡಲೇ ಮಕ್ಕಳಿಗೆ ಹೊದಿಸುತ್ತೇನೆ ಅಂದೆ. ಒಪ್ಪಿದಳು.

ಊಟದಲ್ಲಿ ಮಾತ್ರ ಅವ್ವನದೇ ಮೇಲುಗೈ. ಆ ಕಾಡಿನೊಳಗೆ ತಗಡಿನ ಡಬ್ಬಿ, ಗಾಜಿನ ಬಾಟಲಿಗಳಲ್ಲಿ ಬರುವ ತಿನಿಸು ಒಯ್ಯುವಂತಿಲ್ಲ. ಕಸವೆಲ್ಲ ನಾವೇ ವಾಪಸ್ ತರಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹಚ್ಚಿದ ಅವಲಕ್ಕಿ. ತೂಕವಿಲ್ಲ, ಕೆಡುವುದಿಲ್ಲ, ಮಳೆ ಬಂದು ಒಲೆ ಹತ್ತದಿದ್ದರೂ ಹೊಟ್ಟೆ ತುಂಬುತ್ತದೆ. ಹೊಲಕ್ಕೆ ಬುತ್ತಿ ಕಟ್ಟುವವರು ಮಾಡಿಕೊಂಡು ಬಂದಿರುವುದೇ ಇದು. ನೀರನ್ನು ಮಾತ್ರ ಕುದಿಸಲೇಬೇಕು. ಕೆರೆ ಕನ್ನಡಿಯ ಹಾಗಿದ್ದರೂ ಅದರಲ್ಲಿ ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಅನ್ನುವ ಸೂಕ್ಷ್ಮಜೀವಿ ಇರಬಹುದು. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲು ಬಿಡಬೇಕು.

"ಕರಡಿ ಇರ್ತಾವಂತ?" ಅಂತ ತಮ್ಮ ಕೇಳಿದ. ಇವೆ, ಕಪ್ಪು ಕರಡಿ. ಅವಕ್ಕೆ ನಮ್ಮ ಬುತ್ತಿಯ ವಾಸನೆ ಸಿಗಬಾರದು. ಊಟದ ಚೀಲವನ್ನು ಡೇರೆಯಿಂದ ದೂರ ಒಂದು ಮರಕ್ಕೆ ತೂಗುಹಾಕಬೇಕು, ನೆಲದಿಂದ 4 ಮೀಟರ್ ಮೇಲೆ, ಬೊಡ್ಡೆಯಿಂದ 2 ಮೀಟರ್ ಆಚೆ. ಟೂತ್‌ಪೇಸ್ಟ್ ಕೂಡ ಅದರಲ್ಲೇ. ಮಕ್ಕಳ ಕಿಸೆಯ ಕರದಂಟು ಕೂಡ. ತಮ್ಮ ಹಗ್ಗಕ್ಕೆ ಕಲ್ಲು ಕಟ್ಟಿ ಮನೆ ಮುಂದಿನ ಬೇವಿನ ಮರದ ಕೊಂಬೆಯ ಮೇಲಿಂದ ಎಸೆದ. ಆರನೇ ಸಲ ದಾಟಿತು. ಚೀಲ ಮೇಲೇರಿದ್ದನ್ನು ನೋಡಿ ಅವ್ವ "ಇದು ನೆಲುವು ಅಲ್ಲೇನು?" ಅಂದಳು. ಬೆಣ್ಣೆಯನ್ನು ಬೆಕ್ಕಿಗೆ ಸಿಗದ ಹಾಗೆ ಜಂತಿಗೆ ತೂಗುಹಾಕುತ್ತಿದ್ದ ನೆಲುವು. ಹೌದು, ಅದೇ.

ನಾವೊಬ್ಬರೇ ಹೋಗುತ್ತಿಲ್ಲ. ಹುಬ್ಬಳ್ಳಿ ಕಡೆಯ ಇನ್ನೊಂದು ಕುಟುಂಬವೂ ತಮ್ಮ ಕೆನೂ ತರುತ್ತದೆ. ಅವರೂ ನಾಲ್ಕು ಜನ. ಒಂದು ಜಾಗದಲ್ಲಿ ಒಂಬತ್ತು ಜನರಿಗಷ್ಟೇ ಅವಕಾಶ. ಎಂಟು ಆಯಿತು. ಅವರು ಮೊದಲೂ ಹೋಗಿ ಬಂದವರು. ಜುಲೈ ಕೊನೆ ಅಂತ ಆರಿಸಿದ್ದೂ ಅವರೇ. ಮೇ ಮಧ್ಯದಿಂದ ಜೂನ್ ತನಕ ಕಚ್ಚುವ ಕಪ್ಪು ನೊಣಗಳ ಕಾಟ. ಆಮೇಲೆ ಸೊಳ್ಳೆ. ಜುಲೈ ಕೊನೆಗೆ ಎರಡೂ ತಗ್ಗಿರುತ್ತವೆ.

ಬುಕಿಂಗ್ ಅಲ್ಲಿ ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ನಮ್ಮಲ್ಲಿ ಸಂಜೆ 5:30. ಆ ದಿನ ಪಡಸಾಲೆಯಲ್ಲಿ ಎಲ್ಲರೂ ನನ್ನ ಲ್ಯಾಪ್‌ಟಾಪ್ ಸುತ್ತ ಕೂತಿದ್ದರು. ಕರೆಂಟ್ ಹೋದರೆ ಅಂತ ತಮ್ಮ ಮೊಬೈಲಿನ ಇಂಟರ್ನೆಟ್ ಸಿದ್ಧ ಇಟ್ಟಿದ್ದ. 5:34ಕ್ಕೆ ರಾಕ್ ಲೇಕ್ ಸಿಕ್ಕಿತು, ಎರಡು ರಾತ್ರಿ.

ಒಳಗೆ ಫೋನ್ ಸಿಗುತ್ತದೆ ಅಂತ ನಂಬುವಂತಿಲ್ಲ. ಯಾವ ಕೆರೆ, ಎಷ್ಟು ಜನ, ಎಂದು ವಾಪಸ್ ಅನ್ನುವುದನ್ನು ಬರೆದು ಮಿಸಿಸಾಗಾದ ಗೆಳತಿಗೆ ಕೊಡುತ್ತೇನೆ. ಹೇಳಿದ ಹೊತ್ತಿಗೆ ಫೋನ್ ಬರದಿದ್ದರೆ ಉದ್ಯಾನದವರಿಗೆ ತಿಳಿಸುವುದು ಅವಳ ಕೆಲಸ. ಅದರದೇ ಒಂದು ಪ್ರತಿಯನ್ನು ಅವ್ವನಿಗೂ ಕನ್ನಡದಲ್ಲಿ ಬರೆದುಕೊಟ್ಟೆ. ಭಾನುವಾರ ಅಲ್ಲಿಯ ಮಧ್ಯಾಹ್ನ 12ಕ್ಕೆ ಕಾರಿನ ಹತ್ತಿರ ಇರುತ್ತೇವೆ, ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡುತ್ತೇನೆ, ನಿನಗೆ ಆಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ ಅಂದೆ. ಅವ್ವ ಚೀಟಿಯನ್ನು ಜಗುಲಿಯ ಮೇಲೆ ದೇವರ ಮುಂದೆ ಇಟ್ಟಳು. ಆಮೇಲೆ ಏನೋ ನೆನಪಾದವಳ ಹಾಗೆ ತಿರುಗಿ ಬೆರಳು ಮಡಚಿ ಎಣಿಸತೊಡಗಿದಳು.

"ಎಂಟ ಮಂದಿ, ಎರಡ ರಾತ್ರಿ, ಮೂರ ಹಗಲ. ಎಂಬತ್ತ ರೊಟ್ಟಿ ಬೇಕಾಗ್ತಾವ. ಎದ್ದ ಬಾ ಇತ್ತಾಗ, ತೆಳ್ಳಗ ಬಡಿಯೂದು ಕಲಿ."