ಎರೆ ಹೊಲದ ಹಳದಿ ಶೇಂಗಾಕ್ಕೆ ಯೂರಿಯಾ ಅಲ್ಲ, ಅನ್ನಭೇದಿ (ಕಬ್ಬಿಣದ ಸಲ್ಫೇಟ್)

ಶೇಂಗಾದ ಸುಳಿ ಬೆಳ್ಳಗಾದ ಕೂಡಲೇ ಹೆಚ್ಚಿನವರ ಕೈ ಯೂರಿಯಾ ಚೀಲಕ್ಕೆ ಹೋಗುತ್ತದೆ. ಮೊದಲು ಯಾವ ಎಲೆ ಹಳದಿಯಾಗಿದೆ ನೋಡಿ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಹಳೇ ಎಲೆ ಬಿಟ್ಟು ಸುಲಭಕ್ಕೆ ಕದಲುವುದಿಲ್ಲ, ಹಾಗಾಗಿ ಅದರ ಕೊರತೆ ಎಳೇ ಎಲೆಯಲ್ಲೇ ಕಾಣುತ್ತದೆ: ನರ ಹಸಿರು, ನಡುವೆ ಹಳದಿ, ಜೋರಾದರೆ ಪೂರ್ತಿ ಬಿಳಿ. ಗಂಧಕದ ಕೊರತೆಯೂ ಎಳೇ ಎಲೆಯಲ್ಲೇ ಬರುತ್ತದೆ, ಆದರೆ ಅಲ್ಲಿ ನರವೂ ಹಳದಿ.

ಸಂಡೂರಿನ ಅದಿರು ಪಕ್ಕದಲ್ಲೇ ಇದ್ದು ಬಳ್ಳಾರಿ ಹೊಲಕ್ಕೆ ಕಬ್ಬಿಣದ ಬರವೇ ಎಂದು ಕೇಳುವವರಿದ್ದಾರೆ. ಎರೆ (ಕಪ್ಪು) ಮಣ್ಣಲ್ಲೂ ಕಬ್ಬಿಣ ಬೇಕಾದಷ್ಟಿದೆ. ಆದರೆ ಸುಣ್ಣ ಹೆಚ್ಚಿದ್ದು ರಸಸಾರ (ಪಿಎಚ್) 8 ದಾಟಿದಲ್ಲಿ ಅದು ತುಕ್ಕಿನ ರೂಪದಲ್ಲಿ ಕೂತುಬಿಡುತ್ತದೆ, ನೀರಲ್ಲಿ ಕರಗುವುದಿಲ್ಲ. ಸವಳು ಬೋರಿನ ನೀರು, ಅತಿಯಾದ ಡಿಎಪಿ (ರಂಜಕದ ಗೊಬ್ಬರ) ಇದನ್ನು ಇನ್ನೂ ಕೆಡಿಸುತ್ತವೆ. ಮಣ್ಣಿನ ವರದಿಯಲ್ಲಿ ಲಭ್ಯ ಕಬ್ಬಿಣ 4.5 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆ ಎಂದೇ ಲೆಕ್ಕ.

ಸಿಂಧನೂರು, ಗಂಗಾವತಿ ಕಡೆ ನೀರು ನಿಂತ ಭತ್ತದಲ್ಲಿ ಈ ತೊಂದರೆ ಅಪರೂಪ. ನೀರಿನಡಿ ಗಾಳಿ ಇಲ್ಲದೆ ಕಬ್ಬಿಣ ಕರಗುವ ರೂಪಕ್ಕೆ ಬರುತ್ತದೆ. ಕೂರಿಗೆಯಲ್ಲಿ ಬಿತ್ತಿದ ಭತ್ತ, ಒಣ ಸಸಿಮಡಿ ಹಳದಿಯಾಗುವುದು ನೀರು ನಿಲ್ಲದೆ ಕಬ್ಬಿಣ ಕರಗದ್ದಕ್ಕೇ. ಕಾಲುವೆ ನೀರು ಬರುವವರೆಗೆ ಸಿಂಪಡಣೆಯೇ ದಾರಿ.

15 ಲೀಟರ್ ಪಂಪಿಗೆ 75 ಗ್ರಾಂ ಅನ್ನಭೇದಿ, 15 ಗ್ರಾಂ ಸಿಟ್ರಿಕ್ ಆಮ್ಲ. ನೀರಿಗೆ ಮೊದಲು ಸಿಟ್ರಿಕ್ ಆಮ್ಲ ಕರಗಿಸಿ, ಆಮೇಲೆ ಅನ್ನಭೇದಿ. ಹಿಂದುಮುಂದಾದರೆ ಗಡಸು ನೀರು ಕೆಂಪಗೆ ತಿರುಗಿ ತಳದಲ್ಲಿ ಗಸಿ ಕೂರುತ್ತದೆ. ಅದನ್ನು ಹೊಡೆದು ಫಲವಿಲ್ಲ. ಕೊಳ್ಳುವಾಗಲೂ ತಿಳಿ ಹಸಿರು ಹರಳೇ ಇರಲಿ, ಕಂದು ಪುಡಿ ಬೇಡ. ಕಲಸಿದ ದಿನವೇ, ಸಂಜೆ ಹೊತ್ತು, ಎಲೆಯ ಎರಡೂ ಬದಿ ನೆನೆಯುವಂತೆ ಹೊಡೆಯಿರಿ. ಪ್ರಮಾಣ ದುಪ್ಪಟ್ಟು ಮಾಡಿದರೆ ಎಲೆ ಸುಡಬಹುದು. ರಂಜಕದ ಗೊಬ್ಬರ, ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಶಿಲೀಂಧ್ರನಾಶಕ) ಜೊತೆಗೆ ಬೆರೆಸಬೇಡಿ.

ಅನುಮಾನವಿದ್ದರೆ ಮೊದಲು ಎರಡು ಸಾಲಿಗಷ್ಟೇ ಹೊಡೆಯಿರಿ. ನಾಲ್ಕೈದು ದಿನದಲ್ಲಿ ಹನಿ ಬಿದ್ದಲ್ಲೆಲ್ಲ ಹಸಿರು ಚುಕ್ಕೆ ಮೂಡಿದರೆ ಕೊರತೆ ಕಬ್ಬಿಣದ್ದೇ ಎಂದು ಗೊತ್ತಾಯಿತು. ಆಮೇಲೆ ಹುಟ್ಟುವ ಎಲೆಗೆ ಆ ಕಬ್ಬಿಣ ಸಿಗದು, ಆದ್ದರಿಂದ 8–10 ದಿನ ಬಿಟ್ಟು ಮತ್ತೆ ಹೊಡೆಯಬೇಕು.

ಸುಣ್ಣದ ಎರೆಗೆ ಬರೀ ಅನ್ನಭೇದಿ ಎರಚುವುದು ನನ್ನ ಲೆಕ್ಕದಲ್ಲಿ ದುಡ್ಡು ಮಣ್ಣುಪಾಲು. ಹಾಕಲೇಬೇಕೆಂದರೆ ಎಕರೆಗೆ 10 ಕಿಲೋ, ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ ಹಾಕಿ. ಕುಷ್ಟಗಿ ಕಡೆ ದಾಳಿಂಬೆಗೆ ಡ್ರಿಪ್‌ನಲ್ಲಿ ಕಬ್ಬಿಣ ಕೊಡುವವರು ಇಡಿಡಿಎಚ್‌ಎ ರೂಪದ್ದನ್ನೇ, ಅಂದರೆ ಕಬ್ಬಿಣ ಮಣ್ಣಲ್ಲಿ ಗಟ್ಟಿಯಾಗದಂತೆ ಹಿಡಿದಿಡುವ ಚೀಲೇಟನ್ನೇ ಕೊಳ್ಳಿ. ಇನ್ನೊಂದು ಚೀಲೇಟ್ ಇಡಿಟಿಎ ಅಗ್ಗ, ಎಲೆಗೆ ಸರಿ, ಆದರೆ ರಸಸಾರ 8ರ ಮಣ್ಣಲ್ಲಿ ನಿಲ್ಲುವುದಿಲ್ಲ.