ಸಂತೆಯ ದಿನ ಬಿಟ್ಟು

ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಗೆ ಆರೋಗ್ಯ ಶಿಬಿರ ಎಂದು ಗೊತ್ತಾದ ಕೂಡಲೇ ನಮ್ಮ ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಟ್ಯೂಟರ್ ಕೇಳುತ್ತಿದ್ದ ಮೊದಲ ಪ್ರಶ್ನೆ, "ಆ ಊರಿನವರಿಗೆ ಸಂತೆ ಯಾವತ್ತು?" ಎರಡನೆಯದು, ಕಡಲೇಕಾಯಿ ಕೀಳುವ ಕೆಲಸ ಮುಗಿದಿದೆಯಾ ಎಂದು. ಡಾಕ್ಟರು ಯಾರು, ವ್ಯಾನು ಯಾವುದು, ಔಷಧಿ ಎಷ್ಟು ಎಂಬುದೆಲ್ಲ ಆಮೇಲಿನ ಮಾತು. ಸಂತೆಯ ದಿನವೋ ಕೂಲಿ ಜೋರಾಗಿರುವ ದಿನವೋ ಶಿಬಿರ ಇಟ್ಟರೆ ಮುದುಕರೂ ಮಕ್ಕಳೂ ಬರುತ್ತಾರೆ, ರಕ್ತಹೀನತೆ ಇರುವ ಹೆಂಗಸರು ಸಂತೆಯಲ್ಲೋ ಹೊಲದಲ್ಲೋ ಉಳಿಯುತ್ತಾರೆ.

ಈಗ ಓದುತ್ತಿರುವ ತಂಗಿಯರಿಗೆ, ತಮ್ಮಂದಿರಿಗೆ ಉಪಯೋಗವಾಗಲಿ ಎಂದು ಆ ಶಿಬಿರಗಳು ಹೇಗೆ ನಡೆಯುತ್ತಿದ್ದವು ಎಂಬುದನ್ನಷ್ಟೇ ಬರೆಯುತ್ತಿದ್ದೇನೆ. ಮಿಷನ್ ಆಸ್ಪತ್ರೆಗಳಿಗೆ ಹಳ್ಳಿಯ ದಾರಿ ಹೊಸದಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ಅದಕ್ಕೂ ಮುಂಚೆ, 1900ರಲ್ಲಿ, ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಕೆಲಸ ಶುರು ಮಾಡಿದ ಐಡಾ ಸ್ಕಡರ್ ಆಮೇಲೆ ವಾರಕ್ಕೊಮ್ಮೆ ಗೊತ್ತಾದ ದಿನ ರಸ್ತೆ ಬದಿಯ ಮರಗಳ ಕೆಳಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಅದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಗೊತ್ತಾದ ದಿನ ಎಂಬುದೇ. ಒಂದೇ ಸಲ ಬಂದು ಹೋಗುವ ಶಿಬಿರದಿಂದ ಗುಣವಾಗುವ ಕಾಯಿಲೆ ಬಹಳ ಕಡಿಮೆ. ನಮ್ಮಲ್ಲಿ ಒಂದು ತಿಂಗಳಿಗೆ ಎರಡನೆಯ ಭೇಟಿ ಇದ್ದೇ ಇರುತ್ತಿತ್ತು. ಅದರ ತಾರೀಖು ಗೊತ್ತಾಗದೆ ಮೊದಲನೆಯದು ಹೊರಡುತ್ತಿರಲಿಲ್ಲ.

ಜಾಗ ಸರ್ಕಾರಿ ಶಾಲೆ. ಚರ್ಚಿನ ಅಂಗಳ ಎಷ್ಟೇ ವಿಶಾಲವಾಗಿದ್ದರೂ ಅಲ್ಲಿ ಇಡುತ್ತಿರಲಿಲ್ಲ, ಊರಿನ ಅರ್ಧ ಜನ ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಹದಿನೈದು ದಿನ ಮುಂಚೆ ಇಬ್ಬರು ಹೋಗಿ ಪಂಚಾಯಿತಿಯವರನ್ನು, ಹೆಡ್ ಮಾಸ್ಟರನ್ನು, ಆಶಾ ಕಾರ್ಯಕರ್ತೆಯನ್ನು ಕಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಪತ್ರ ಕೊಟ್ಟು ಬರಬೇಕು. ಈ ಪತ್ರ ಮರ್ಯಾದೆಗೆ ಮಾತ್ರ ಎಂದುಕೊಳ್ಳಬೇಡಿ. ನಾವು ಹೋದ ಮೇಲೆ ಬಿಪಿ ಮಾತ್ರೆ ಕೊಡಬೇಕಾದವರು ಅವರೇ. ಪ್ರಾರ್ಥನೆ ನಮ್ಮ ನಮ್ಮೊಳಗೆ, ವ್ಯಾನು ಹೊರಡುವ ಮುಂಚೆ. ಚೀಟಿ ಹಿಡಿದು ಸಾಲಿನಲ್ಲಿ ನಿಂತವರ ಕೈಗೆ ಕರಪತ್ರ ಕೊಡಬಾರದೆಂಬುದು ಕಟ್ಟುನಿಟ್ಟು. ಮಾತ್ರೆಗಾಗಿ ಕಾಯುವವರು ಬೇಡ ಎನ್ನಲಾರರು, ಅಂಥವರ ಮುಂದೆ ಉಪದೇಶ ಮಾಡುವುದು ನ್ಯಾಯವಲ್ಲ. ಯಾರಾದರೂ ತಾವಾಗಿ ಕೇಳಿದರೆ ಪಾಸ್ಟರ್ ಪಕ್ಕಕ್ಕೆ ಕೂತು ಪ್ರಾರ್ಥಿಸುತ್ತಿದ್ದರು.

ಶಾಲೆಯ ವರಾಂಡದಲ್ಲಿ ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ. ಒಂದೇ ಬಾಗಿಲಾದರೆ ಔಷಧಿ ತೆಗೆದುಕೊಂಡವರೂ ಹೆಸರು ಬರೆಸಲು ಬಂದವರೂ ಸಿಕ್ಕಿಹಾಕಿಕೊಂಡು ಹತ್ತು ಗಂಟೆಯ ಹೊತ್ತಿಗೆ ಜಾತ್ರೆಯಾಗುತ್ತದೆ. ಹೆಸರು ಬರೆಯುವ ಮೇಜಿಗೆ ಆ ಊರಿನ, ತೆಲುಗು ಬಲ್ಲ ಒಬ್ಬರು ಬೇಕೇ ಬೇಕು. ಆಂಧ್ರದ ಆ ಗಡಿಯಲ್ಲಿ ಮನೆಮಾತು ತೆಲುಗು. ಕನ್ನಡದಲ್ಲಿ ಕೇಳಿದರೆ ಉತ್ತರ ಬರುತ್ತದೆ, ಆದರೆ ಅರ್ಧ ನೋವು ಹೇಳದೆ ಉಳಿಯುತ್ತದೆ.

ಬಿಪಿ ನೋಡುವಲ್ಲಿ ಆಗುವ ತಪ್ಪಿಗೆ ಮುಖ್ಯ ಕಾರಣ ಅವಸರ. ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷ ಕೂರಿಸಬೇಕು, ಬೆನ್ನಿಗೆ ಆಸರೆ ಇರಬೇಕು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲೆ ಇಡಿಸಬೇಕು. ಶಾಲೆಯ ಬೆಂಚಿನಲ್ಲಿ ತೋಳು ಕೆಳಗೆ ಜೋತುಬಿದ್ದರೆ ಅಂಕಿ ಮೇಲೇರುತ್ತದೆ. ತೋಳಿಗೆ ಸುತ್ತುವ ಪಟ್ಟಿಯ, ಅಂದರೆ ಕಫಿನ, ಒಳಗಿರುವ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಹಾಕಿದರೆ ಹೆಚ್ಚು ತೋರಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಹಳ್ಳಿಯಲ್ಲಿ ಆಗುವುದು ಅದರ ತಿರುಗುಮುರುಗು. ಕಡ್ಡಿಯಂಥ ತೋಳಿನ ಅಜ್ಜಿಗೆ ದೊಡ್ಡ ಕಫ್ ಹಾಕಿ, ಕಡಿಮೆ ಬಂತೆಂದು ಸಮಾಧಾನದಿಂದ ಕಳಿಸುತ್ತೇವೆ. 140/90 ಮೀರಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಎರಡೂ ಅಂಕಿ ಬರೆಯಬೇಕು. ತೀರಾ ಹೆಚ್ಚಿಲ್ಲದಿದ್ದರೆ ಡಾಕ್ಟರು ಒಂದು ದಿನದ ಅಂಕಿ ನೋಡಿ ಮಾತ್ರೆ ಶುರು ಮಾಡುತ್ತಿರಲಿಲ್ಲ, ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆಯುತ್ತಿದ್ದರು. ಹತ್ತು ದಿನದ ಬಿಪಿ ಮಾತ್ರೆ ಆಮ್ಲೋಡಿಪಿನ್ ಕೊಟ್ಟು ಬರುವುದರಿಂದ ಪ್ರಯೋಜನವಿಲ್ಲ. ಹನ್ನೊಂದನೆಯ ದಿನ ಅವರು ಗುಣವಾಯಿತು ಎಂದುಕೊಳ್ಳುತ್ತಾರೆ.

ಸಕ್ಕರೆ ಪರೀಕ್ಷೆಗೆ ಮುಂಚೆ ಕೈ ತೊಳೆಸಿ, ಒರೆಸಿ. ಬೆಲ್ಲ, ಹಣ್ಣು ಮುಟ್ಟಿದ ಬೆರಳಿನಲ್ಲಿ ಅಂಕಿ ಸುಳ್ಳು ಹೇಳುತ್ತದೆ. ಪರೀಕ್ಷೆಯ ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಕೆಡುತ್ತವೆ, ವ್ಯಾನಿನಲ್ಲಿ ಬಿಸಿಲಿಗೆ ಬಿಟ್ಟರೂ ಕೆಡುತ್ತವೆ.

ಹಿಮೋಗ್ಲೋಬಿನ್‌ಗೆ ನಮ್ಮ ಬಳಿ ಇದ್ದದ್ದು ಬಣ್ಣ ಹೋಲಿಸಿ ಅಳೆಯುವ ಸಾಹ್ಲಿ ಸೆಟ್. ಈಗ ಡಿಜಿಟಲ್ ಮೀಟರ್ ಬಂದಿದೆ, ಆದರೂ ಇದನ್ನು ಕಲಿತವರ ಕಣ್ಣು ಪಳಗುತ್ತದೆ. ಟ್ಯೂಬಿಗೆ 20ರ ಗುರುತಿನವರೆಗೆ ಎನ್/10, ಅಂದರೆ ತೆಳುಗೊಳಿಸಿದ, ಹೈಡ್ರೋಕ್ಲೋರಿಕ್ ಆಮ್ಲ, ಅದರೊಳಗೆ ಪಿಪೆಟ್ಟಿನಿಂದ 0.02 ಮಿ.ಲೀ. ರಕ್ತ, ಹತ್ತು ನಿಮಿಷ ಬಿಡುವುದು, ಆಮೇಲೆ ಪಕ್ಕದ ಗಾಜಿನ ಕಂದು ಬಣ್ಣಕ್ಕೆ ಹೊಂದುವವರೆಗೆ ಡಿಸ್ಟಿಲ್ಡ್ ನೀರನ್ನು ಹನಿ ಹನಿಯಾಗಿ ಬೆರೆಸುವುದು. ಸಾಲು ಉದ್ದವಾದಾಗ ಹತ್ತು ನಿಮಿಷ ನಾಲ್ಕಾಗುತ್ತದೆ. ಬಣ್ಣ ಪೂರ್ತಿ ಬಂದಿರುವುದಿಲ್ಲ, ಎಲ್ಲರಿಗೂ ರಕ್ತ ಕಡಿಮೆ ಎಂದೇ ಬರುತ್ತದೆ. ಬೆರಳು ಹಿಂಡಿದರೂ ಹಾಗೇ, ರಕ್ತದ ಜೊತೆ ನೀರಿನಂಶ ಬಂದು ತೆಳುವಾಗುತ್ತದೆ. ಪಿಪೆಟ್ಟಿನ ಹೊರಗೆ ಅಂಟಿದ ರಕ್ತ ಒರೆಸದಿದ್ದರೆ ಅಂಕಿ ಹೆಚ್ಚುತ್ತದೆ.

ಗರ್ಭಿಣಿಗೆ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ತಡೆಗಟ್ಟುವುದಕ್ಕೆಂದೇ ಎಲ್ಲ ಗರ್ಭಿಣಿಯರಿಗೂ ಸರ್ಕಾರದ ಕೆಂಪು ಮಾತ್ರೆ, 60 ಮಿ.ಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೂ ಅಷ್ಟೇ. ಕಡಿಮೆ ಇದ್ದವರಿಗೆ ಡಾಕ್ಟರು ಹೆಚ್ಚಿಸುತ್ತಾರೆ. ಮಾತ್ರೆ ಸಿಗದೆ ನಿಲ್ಲಿಸಿದವರಿಗಿಂತ ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಿದವರೇ ಜಾಸ್ತಿ. ಅದನ್ನು ಕೊಡುವಾಗಲೇ ಹೇಳಿಬಿಡಬೇಕು. ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಯಂತೂ ಬೇಡವೇ ಬೇಡ, ಎರಡು ಗಂಟೆಯಾದರೂ ಅಂತರವಿರಲಿ. ನಿಂಬೆಹಣ್ಣಿನ ನೀರಿನೊಂದಿಗೆ ಒಳ್ಳೆಯದು.

ಕನ್ನಡಕದ ಮೇಜಿನ ಬಳಿ ಗಲಾಟೆ ಜಾಸ್ತಿ. ಅಕ್ಷರ ಓದದವರಿಗೆ ಬಾಯಿ ನಾಲ್ಕು ದಿಕ್ಕಿಗೆ ತಿರುಗಿದ ಇ ಆಕಾರದ ಚಾರ್ಟ್, 6 ಮೀಟರ್ ದೂರ, ಒಂದೊಂದೇ ಕಣ್ಣು. ಕಣ್ಣನ್ನು ಕೈಬೆರಳಿನಿಂದ ಮುಚ್ಚಿಸಬೇಡಿ, ಸಂದಿಯಲ್ಲಿ ನೋಡುತ್ತಾರೆ, ಅಂಗೈ ಸರಿ. ಸೂಜಿ ರಂಧ್ರದ ಬಿಲ್ಲೆ ಹಿಡಿದಾಗ ಚಾರ್ಟ್ ಸ್ಪಷ್ಟವಾದರೆ ಕನ್ನಡಕದ ದೋಷ, ಆಗದಿದ್ದರೆ ಪೊರೆಯೋ ಒಳಗಿನ ತೊಂದರೆಯೋ. ಹತ್ತಿರದ ಕನ್ನಡಕಕ್ಕೆ ಅಕ್ಕಿ ಆರಿಸಲು ಒಂದು ತಟ್ಟೆ, ಸೂಜಿ ದಾರ ಇಟ್ಟಿರುತ್ತಿದ್ದೆವು. ನಲವತ್ತರ ಹೊತ್ತಿಗೆ +1 ಪವರ್, ಐವತ್ತರ ಹೊತ್ತಿಗೆ +2 ಸುಮಾರು ಸರಿ. ದೊಡ್ಡದಾಗಿ ಕಾಣುತ್ತದೆಂದು ಎಲ್ಲರೂ +3ನ್ನೇ ಕೇಳುತ್ತಾರೆ. ಕೊಟ್ಟರೆ ಹೂ ಕಟ್ಟುವಾಗ ಮೂಗಿನ ಹತ್ತಿರ ಹಿಡಿಯಬೇಕಾಗಿ, ತಲೆನೋವು ಬಂದು, ಕನ್ನಡಕ ಪೆಟ್ಟಿಗೆ ಸೇರುತ್ತದೆ.

ಪೊರೆಯ ಪಟ್ಟಿಯಲ್ಲಿ ಹೆಸರಿನ ಜೊತೆ ಮೂರು ವಿಷಯ ಬರೆಯಬೇಕು: ಪಕ್ಕದ ಮನೆಯ ಫೋನ್ ನಂಬರು, ಆಪರೇಷನ್‌ಗೆ ಜೊತೆಯಲ್ಲಿ ಬರುವವರು ಯಾರು, ಮನೆಯಲ್ಲಿ ದನ ನೋಡಿಕೊಳ್ಳುವವರು ಯಾರು. ಮೂರನೆಯದಕ್ಕೆ ನಗಬೇಡಿ. ಆಪರೇಷನ್ ಉಚಿತ, ಬಸ್ಸು ಉಚಿತ, ಊಟವೂ ಉಚಿತ. ಹಸುವಿಗೆ ಹುಲ್ಲು ಹಾಕುವವರಿಲ್ಲದೆ ಬಸ್ಸಿನ ಸೀಟು ಖಾಲಿ ಉಳಿಯುತ್ತದೆ.

ಕಜ್ಜಿಗೆ ಬರುವ ಮಗು ಒಂದೇ ಬರುತ್ತದೆ, ಕಾಯಿಲೆ ಮನೆಯದು. ಪರ್ಮೆತ್ರಿನ್ ಶೇ. 5 ಮುಲಾಮನ್ನು ಮನೆಯವರೆಲ್ಲ ಒಂದೇ ರಾತ್ರಿ, ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಹೊಕ್ಕುಳು, ಉಗುರಿನ ಕೆಳಗೆ ಬಿಡದೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ವಾರದ ಮೇಲೆ ಇನ್ನೊಮ್ಮೆ. ದೊಡ್ಡವರಿಗೆ ತಲಾ 30 ಗ್ರಾಂ ಟ್ಯೂಬ್ ಒಂದು ಎಂದು ಲೆಕ್ಕ ಹಾಕಿ. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಒಂದು ಸಲಕ್ಕೆ ಮೂರು, ಎರಡು ಸಲಕ್ಕೆ ಆರು. ಮನೆಗೆ ಒಂದು ಟ್ಯೂಬ್ ಹಂಚುವ ಶಿಬಿರಗಳು ಔಷಧಿ ವ್ಯರ್ಥ ಮಾಡುತ್ತವೆ. ಹಾಸಿಗೆ ಬಟ್ಟೆ ಅದೇ ಬೆಳಿಗ್ಗೆ ಬಿಸಿನೀರಿನಲ್ಲಿ ಒಗೆಯಲಿ. ಕಜ್ಜಿಯ ನುಸಿ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆಂದು ಹೇಳದಿದ್ದರೆ ದಿನಾ ಹಚ್ಚಿ ಚರ್ಮ ಸುಟ್ಟುಕೊಳ್ಳುತ್ತಾರೆ.

ಆ ಸೀಮೆಯದೇ ಆದ ಕಷ್ಟ ಬೋರ್‌ವೆಲ್ ನೀರಿನ ಫ್ಲೋರೈಡ್. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಕಂಡರೆ ಅವರ ಅಜ್ಜ ಬಗ್ಗಿ ನೆಲ ಮುಟ್ಟಬಲ್ಲರೇ ಎಂದು ಕೇಳಿ, ಅದೇ ಫ್ಲೋರೈಡ್ ವರ್ಷಗಟ್ಟಲೆ ಸೇರಿ ಬೆನ್ನೆಲುಬನ್ನೂ ಬಿಗಿ ಮಾಡುತ್ತದೆ. ಇಲ್ಲೇ ನಮ್ಮ ಉಪದೇಶ ದಾರಿ ತಪ್ಪುತ್ತದೆ. ಭೇದಿಗೆಂದು ಕಲಿತ "ನೀರು ಕಾಯಿಸಿ ಕುಡಿಯಿರಿ" ಎಂಬ ಮಾತನ್ನೇ ಇಲ್ಲೂ ಹೇಳುತ್ತೇವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಮಳೆನೀರು ಅಥವಾ ಶುದ್ಧ ನೀರಿನ ಘಟಕದ ಕ್ಯಾನು, ಕುಡಿಯಲು ಮಾತ್ರವಲ್ಲ, ಮುದ್ದೆಗೆ, ಸಾರಿಗೆ ಕೂಡ. ಮಂಡಿ ನೋವಿಗೆ "ಒಂದು ಸೂಜಿ ಹಾಕಿ ಸಿಸ್ಟರ್" ಎನ್ನುವವರಿಗೆ ಸೂಜಿ ಬೇಡ ಎಂದು ಒಪ್ಪಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ ಕೆಡುತ್ತದೆ, ಆದ್ದರಿಂದ ಎಣಿಸಿ ಐದು ದಿನಕ್ಕಷ್ಟೇ.

ಔಷಧಿಯ ಕವರಿನ ಮೇಲೆ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಬರೆಯುತ್ತಿದ್ದೆವು, ಪ್ರತಿ ಚಿತ್ರದ ಕೆಳಗೆ ಮಾತ್ರೆಯಷ್ಟು ಚುಕ್ಕೆ. ಸ್ಟ್ರಿಪ್ ಕತ್ತರಿಸುವಾಗ ಹೆಸರು, ಅವಧಿ ಮುಗಿಯುವ ತಾರೀಖು ಇರುವ ತುದಿ ರೋಗಿಗೆ ಹೋಗಲಿ. ನಮ್ಮಲ್ಲಿ ಉಳಿದ ತುಂಡಿಗೆ ಹೆಸರಿಲ್ಲದಿದ್ದರೆ ಆವತ್ತೇ ಬಿಸಾಡುವ ಡಬ್ಬಿಗೆ, ಮುಂದಿನ ಶಿಬಿರಕ್ಕೆ ಖಂಡಿತ ಬೇಡ. ಕವರು ಕೊಟ್ಟ ಮೇಲೆ ಅವರಿಂದಲೇ ಹೇಳಿಸಿ: ಯಾವುದು ಯಾವಾಗ? ತಲೆಯಾಡಿಸಿದರೆಂದು ನಂಬಬೇಡಿ.

ಹೊರಡುವ ಮುಂಚೆ ಸೂಜಿ ಎಣಿಕೆ. ತಂದದ್ದು, ಬಳಸಿದ್ದು, ಉಳಿದದ್ದು ತಾಳೆಯಾಗದಿದ್ದರೆ ವ್ಯಾನು ಹೊರಡುವುದಿಲ್ಲ, ಏಕೆಂದರೆ ಮರುದಿನ ಆ ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಆಡುತ್ತಾರೆ. ಸೂಜಿ, ಬೆರಳು ಚುಚ್ಚುವ ಲ್ಯಾನ್ಸೆಟ್ ಚುಚ್ಚಲಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ. ಎರಡೂ ಆಸ್ಪತ್ರೆಗೇ ವಾಪಸ್ಸು, ಶಾಲೆಯ ಹಿಂದೆ ಸುಡುವುದಾಗಲಿ ಹೂಳುವುದಾಗಲಿ ಇಲ್ಲ.

ರಿಜಿಸ್ಟರಿನ ಒಂದು ಪ್ರತಿ ಆಶಾ ಕಾರ್ಯಕರ್ತೆಗೆ, ಆದರೆ ಪೂರ್ತಿಯಲ್ಲ. ಯಾರಿಗೆ ಯಾವ ಕಾಯಿಲೆ ಎಂಬುದು ಊರಿಗೆಲ್ಲ ಗೊತ್ತಾಗಬಾರದು. ಮತ್ತೆ ನೋಡಬೇಕಾದವರ ಹೆಸರು, ಹೋಗಬೇಕಾದ ಜಾಗ, ತಾರೀಖು ಇಷ್ಟೇ. ಎರಡು ವಾರ ಮೀರಿದ ಕೆಮ್ಮಿನವರಿಗೆ ಕ್ಷಯವೋ ಎಂದು ಕಫ ಪರೀಕ್ಷೆ, ಸ್ಪರ್ಶ ತಿಳಿಯದ ಬಿಳಿಚು ಮಚ್ಚೆಯವರಿಗೆ ಕುಷ್ಠವೋ ಎಂದು ತಪಾಸಣೆ, ಬಿಪಿ ಚೀಟಿಯವರು, ಪೊರೆಯವರು. ಎರಡನೆಯ ಭೇಟಿಗೆ ಡಾಕ್ಟರ ದಂಡು ಬೇಡ; ಇಬ್ಬರು ನರ್ಸು, ಒಂದು ಬಿಪಿ ಯಂತ್ರ, ಆ ರಿಜಿಸ್ಟರು ಸಾಕು. ಮನೆಗೇ ಹೋಗಿ ಕೆಂಪು ಮಾತ್ರೆಯ ಸ್ಟ್ರಿಪ್ ತೋರಿಸಿ ಎಂದು ಕೇಳಿ, ಖಾಲಿ ಗುಳಿ ಎಣಿಸಿ, ಹೆಸರಿನ ಮುಂದೆ ಬರೆದುಕೊಳ್ಳಬೇಕು.