ಚೌಕಾಬಾರದಲ್ಲಿ ಎರಡೇ ಯಾಕೆ ಜಾಸ್ತಿ ಬೀಳುತ್ತೆ?

ಐದನೇ ತರಗತಿಗೆ ಸಂಭವನೀಯತೆ ಅಂದ ಕೂಡಲೇ ಎಲ್ಲರೂ ದಾಳ ಹುಡುಕುತ್ತಾರೆ. ನನಗೆ ಹುಣಸೆ ಬೀಜ ಸಾಕು. ನಾಲ್ಕು ಬೀಜ, ಒಂದೊಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದು. ಚೌಕಾಬಾರ ಆಡಿದ ಮಕ್ಕಳಿಗೆ ನಿಯಮ ಹೇಳಬೇಕಿಲ್ಲ: ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ, ನಾಲ್ಕೂ ಬಿಳಿಯಾದರೆ ಚೌಕ, ಒಂದೂ ಬಿಳಿ ಇಲ್ಲದಿದ್ದರೆ ಬಾರ, ಅಂದರೆ ಎಂಟು.

ಬೀಜ ಮುಟ್ಟುವ ಮುಂಚೆ ಒಂದು ಕೆಲಸ. 32 ಸಲ ಹಾಕಿದರೆ ಯಾವುದು ಎಷ್ಟು ಸಲ ಬೀಳುತ್ತೆ ಅಂತ ಪೆನ್ನಲ್ಲಿ ಬರೀಬೇಕು, ಅಳಿಸೋ ಹಾಗಿಲ್ಲ. ಮೊದಲು ಹಾಕಿಸಿ ಆಮೇಲೆ ಕೇಳಿದರೆ "ನಂಗೆ ಮೊದಲೇ ಗೊತ್ತಿತ್ತು ಸರ್" ಅಂತ ಇಡೀ ಕ್ಲಾಸೇ ಕೈ ಎತ್ತುತ್ತೆ. ಹೆಚ್ಚಿನವರು ಐದಕ್ಕೂ ಆರಾರು ಹಂಚುತ್ತಾರೆ, ಮಿಕ್ಕ ಎರಡನ್ನ ಎಲ್ಲಿ ಸೇರಿಸೋದು ಅಂತ ಜಗಳ ಬೇರೆ. ಮನೆಯಲ್ಲಿ ಅಜ್ಜಿ ಜೊತೆ ಆಡುವವರು ಮಾತ್ರ ಬಾರಕ್ಕೆ ಕಮ್ಮಿ ಬರೆಯುತ್ತಾರೆ. ಯಾಕೆ ಅಂದರೆ ಹೇಳೋಕೆ ಬರಲ್ಲ.

ಆಗ ಸ್ಕೆಚ್ ಪೆನ್ ತೆಗೆಯಬೇಕು. ನಾಲ್ಕು ಬೀಜಕ್ಕೂ ಒಂದೊಂದು ಬಣ್ಣದ ಚುಕ್ಕಿ: ಕೆಂಪು, ನೀಲಿ, ಹಸಿರು, ಕಪ್ಪು. ಈಗ "ಒಂದು ಬಿತ್ತು" ಅಂದರೆ ಸಾಲದು, ಯಾವ ಬಣ್ಣದ್ದು ಬಿಳಿ ತೋರಿಸ್ತು ಅಂತ ಹೇಳಬೇಕು. ಹಾಗೆ ನೋಡಿದರೆ ಒಂದು ಬೀಳೋಕೆ ನಾಲ್ಕು ದಾರಿ. ಮೂರಕ್ಕೂ ನಾಲ್ಕೇ, ಮಗುಚಿ ಬಿದ್ದಿದ್ದು ಯಾವುದು ಅಂತ ಎಣಿಸಿದರಾಯಿತು. ಮಜಾ ಇರೋದು ಎರಡರಲ್ಲಿ. ಕೆಂಪು-ನೀಲಿ, ಕೆಂಪು-ಹಸಿರು, ಕೆಂಪು-ಕಪ್ಪು, ನೀಲಿ-ಹಸಿರು, ನೀಲಿ-ಕಪ್ಪು ಅಂತ ಜೋರಾಗಿ ಹೇಳಿಕೊಂಡು ಬಂದು ಅಲ್ಲಿಗೆ ಮುಗೀತು ಅಂತ ಕೂತುಬಿಡುತ್ತಾರೆ, ಹಸಿರು-ಕಪ್ಪು ಯಾರಿಗೂ ನೆನಪಾಗಲ್ಲ. ಅದೂ ಸೇರಿ ಆರು. ಚೌಕಕ್ಕೆ ಒಂದು, ಬಾರಕ್ಕೆ ಒಂದು, ಒಟ್ಟು 16 ದಾರಿ. ಹಾಗಾದರೆ 32 ಸಲದಲ್ಲಿ ಎರಡು 12 ಸಲ, ಒಂದು ಮತ್ತು ಮೂರು ಎಂಟೆಂಟು ಸಲ, ಚೌಕ ಬಾರ ಎರಡೆರಡು ಸಲ. ಸೂತ್ರ ಗೀತ್ರ ಏನೂ ಬೇಡ.

"ಚೌಕಕ್ಕೂ ಬಾರಕ್ಕೂ ಒಂದೊಂದೇ ದಾರಿ ಅಂದ್ಮೇಲೆ ಬಾರಕ್ಕೆ ಯಾಕೆ ಸರ್ ಎಂಟು ಮನೆ?" ಒಳ್ಳೇ ಪ್ರಶ್ನೆ ಅಲ್ವಾ? ನನ್ನ ಹತ್ತಿರ ಉತ್ತರ ಇಲ್ಲ.

ಬಣ್ಣ ಹಚ್ಚದೆ ಎಣಿಸಿ ಎಡವಿದವರು ಮಕ್ಕಳಷ್ಟೇ ಅಲ್ಲ. ಎರಡು ಸಲ ನಾಣ್ಯ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಾಧ್ಯತೆ ಮೂರರಲ್ಲಿ ಎರಡು ಅಂತ ಫ್ರೆಂಚ್ ಗಣಿತಜ್ಞ ದಾಲಂಬೆರ್ 1754ರಲ್ಲಿ ವಿಶ್ವಕೋಶದಲ್ಲೇ ಬರೆದಿದ್ದ. ಸರಿ ಉತ್ತರ ನಾಲ್ಕರಲ್ಲಿ ಮೂರು. ಇದನ್ನ ಹೇಳಿದರೆ ಆರಾರು ಹಂಚಿದವರ ಮುಖ ಅರಳುತ್ತೆ.

ಆಮೇಲೆ ಬೀಜ ಹಾಕಿಸಿ. ಬೋರ್ಡಿನ ಲೆಕ್ಕ ಹಾಗ್ಹಾಗೇ ಬರಲ್ಲ, ಬರಬೇಕು ಅಂತಾನೂ ಇಲ್ಲ. ಒಂದು ಗುಂಪಿಗೆ ಬಾರ ಒಂದೂ ಬೀಳದೆ ಇರಬಹುದು, ಪಕ್ಕದ ಗುಂಪಿಗೆ ನಾಲ್ಕು ಬೀಳಬಹುದು. ಎಲ್ಲ ಗುಂಪಿನದೂ ಕೂಡಿಸಿದ ಮೇಲೂ ಲೆಕ್ಕ ಒಂದೇ ಕಡೆ ವಾಲಿದರೆ ಬೀಜದ ಮೇಲೇ ಅನುಮಾನ ಪಡಬೇಕು. ಎರಡೂ ಕಡೆ ಸಮವಾಗಿ ಬೀಳುತ್ತೆ ಅಂತ ನಾವೇ ಅಂದುಕೊಂಡಿದ್ದು, ಉಜ್ಜಿದ ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಕವಡೆಯಲ್ಲಂತೂ ಇದು ಕಣ್ಣಿಗೇ ಕಾಣುತ್ತೆ. ಅದೇ ಆಟವನ್ನ ನಾಲ್ಕು ನಾಣ್ಯದಲ್ಲಿ ಆಡಿಸಿ ಹೋಲಿಸಿ ನೋಡಿ, ಈ ಭಾಗಕ್ಕೆ ಒಂದು ಇಡೀ ಪೀರಿಯಡ್ ಕೊಟ್ಟರೂ ನಷ್ಟ ಇಲ್ಲ.

ಕಷ್ಟ ಇರೋದು ಇನ್ನೊಂದು ಕಡೆ. "ಆಗಿಂದ ಬಾರ ಬಿದ್ದಿಲ್ಲ, ಈಗ ಬಿದ್ದೇ ಬೀಳುತ್ತೆ." ಲೂಡೋದಲ್ಲಿ ಆರಕ್ಕೆ ಕಾದು ಕಾದು ಬಂದ ನಂಬಿಕೆ ಇದು, ವಾದದಿಂದ ಹೋಗಲ್ಲ. ನಾನು ಬೋರ್ಡಿನ ಪಟ್ಟಿ ತೋರಿಸಿ, ಇಷ್ಟು ಹೊತ್ತು ಬಾರ ಬೀಳಲಿಲ್ಲವಲ್ಲ, ಈ 16ರಲ್ಲಿ ಯಾವ ದಾರಿ ಅಳಿಸಿಹೋಯಿತು, ಎಣಿಸಿ ಹೇಳಿ ಅನ್ನುತ್ತೇನೆ. ಎಣಿಸುತ್ತಾರೆ, 16 ಇರುತ್ತೆ. ಆದರೂ ಇಬ್ಬರು ಮೂವರು ಒಪ್ಪಲ್ಲ. ಇರಲಿ. ಅವರಿಗೆ ಮುಂದಿನ ವಾರ ಎರಡು ದಾಳ ಕೊಡ್ತೀನಿ, ಎರಡೂ ಕೂಡಿಸಿ ಏಳು ಬರೋಕೆ 36ರಲ್ಲಿ ಎಷ್ಟು ದಾರಿ, 12 ಬರೋಕೆ ಎಷ್ಟು ಅಂತ ಅವರೇ ಪಟ್ಟಿ ಮಾಡ್ಲಿ.